ಬ್ರಿಟನ್ನಿನ ಚೌಕಿ ಮತ್ತು ನಡಾವಳಿ ಪುಸ್ತಕ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಕಳೆದ ವಾರ ಪ್ರಕಟವಾದ ಪತ್ರವೊಂದರಲ್ಲಿ ಓದುಗರೊಬ್ಬರು, ಬ್ರಿಟನ್ 2016ರಿಂದ 2024ರ ವರೆಗಿನ ಎಂಟು ವರ್ಷಗಳಲ್ಲಿ ಆರು ಪ್ರಧಾನಿಗಳನ್ನು ಕಂಡಿತೆಂದೂ, ಸಂಸದೀಯ ಪದ್ಧತಿಯನ್ನು ನಮಗೆ ಕೊಟ್ಟ ನಾಡಿನಲ್ಲೇ ಆ ಪದ್ಧತಿ ಹಳಸಿಹೋಗಿದೆಯೆಂದೂ ಬರೆದಿದ್ದಾರೆ. ಡೇವಿಡ್ ಕ್ಯಾಮೆರಾನ್, ಥೆರೇಸಾ ಮೇ, ಬೋರಿಸ್ ಜಾನ್ಸನ್, ಲಿಜ್ ಟ್ರಸ್, ರಿಷಿ ಸುನಕ್, ಕೀರ್ ಸ್ಟಾರ್ಮರ್ ಎಂದು ಎಣಿಸಿದರೆ ಅವರ ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಲೆಕ್ಕದಿಂದ ಅವರು ಮುಟ್ಟಿದ ತೀರ್ಮಾನ ನನಗೆ ಒಪ್ಪಿಗೆಯಾಗಲಿಲ್ಲ. ಶಿರಸಿ ತಾಲೂಕಿನ ಗ್ರಾಮೀಣ ಸಹಕಾರಿ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿ ಮೂವತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿ, ಆಡಳಿತ ಮಂಡಳಿಯ ಸಭೆಗಳ ನಡಾವಳಿಯನ್ನು ಸ್ವಂತ ಕೈಯಿಂದ ಬರೆದವನಾಗಿ, ಈ ವಿಷಯದಲ್ಲಿ ನನಗೆ ಕಂಡದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ. ಸ್ಥಳಾವಕಾಶ ಮಾಡಿಕೊಡಬೇಕಾಗಿ ವಿನಂತಿ.

ನಮ್ಮ ಕಡೆ ಯಕ್ಷಗಾನ ನೋಡುವವರಲ್ಲಿ ಎರಡು ಬಗೆಯವರಿದ್ದಾರೆ. ರಂಗಸ್ಥಳದ ಎದುರು ಕೂತು ಬೆಳಗಿನ ವರೆಗೆ ಆಟ ನೋಡಿ ಎದ್ದು ಹೋಗುವವರು ಒಂದು ಬಗೆ. ನಡುವೆ ಎದ್ದು ಚೌಕಿಯ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯ, ಕಡೆ ಹೋಗಿ, ಯಾರು ಯಾವ ವೇಷಕ್ಕೆ ಬಣ್ಣ ಹಚ್ಚುತ್ತಿದ್ದಾರೆ, ಇಂದು ಯಾರ ಪಾತ್ರವನ್ನು ಯಾರಿಗೆ ಬದಲಿಸಿದರು, ಯಾಕೆ ಬದಲಿಸಿದರು ಎಂದು ತಿಳಿದುಕೊಂಡು ಬರುವವರು ಇನ್ನೊಂದು ಬಗೆ. ಬ್ರಿಟನ್ನಿನ ರಾಜಕೀಯವನ್ನು ನಮ್ಮ ಪತ್ರಿಕೆಗಳು ಮೊದಲನೆಯ ಬಗೆಯಲ್ಲೇ ನೋಡುತ್ತ ಬಂದಿವೆ ಎಂಬುದು ನನ್ನ ತಕರಾರು. 2022ರ ಅಕ್ಟೋಬರ್ 24ರಂದು, ದೀಪಾವಳಿಯ ದಿನವೇ, ರಿಷಿ ಸುನಕ್ ಆಗ ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷದ ನಾಯಕರಾಗಿ ಆಯ್ಕೆಯಾದಾಗ ನಮ್ಮಲ್ಲಿ ಬಂದ ಸುದ್ದಿಯೆಲ್ಲ ಬೆಂಗಳೂರಿನ ಅಳಿಯ ಎಂಬ ಹೆಮ್ಮೆಯ ಸುತ್ತಲೇ ಇತ್ತು. ಹೆಮ್ಮೆ ತಪ್ಪಲ್ಲ. ಆದರೆ ಅದೇ ಸುನಕ್ ಏಳು ವಾರಗಳ ಹಿಂದೆ ಪಕ್ಷದ ಸಾಮಾನ್ಯ ಸದಸ್ಯರ ಮತದಾನದಲ್ಲಿ ಲಿಜ್ ಟ್ರಸ್ ಅವರಿಗೆ ಸೋತಿದ್ದರು. ಸೋತವರು ಅಷ್ಟು ಬೇಗ ಗೆದ್ದದ್ದು ಹೇಗೆ? ಪಕ್ಷದ ಸಂಸದರ ಒಂದು ಸಮಿತಿ, ಕನಿಷ್ಠ 100 ಸಂಸದರ ಸೂಚಕ ಸಹಿ ಇಲ್ಲದವರು ಸ್ಪರ್ಧಿಸುವಂತಿಲ್ಲ ಎಂಬ ನಿಯಮ ಮಾಡಿತು. ಬೋರಿಸ್ ಜಾನ್ಸನ್ ಹಿಂದೆ ಸರಿದರು, ಇನ್ನೊಬ್ಬ ಸ್ಪರ್ಧಿ ಪೆನ್ನಿ ಮೊರ್ಡಾಂಟ್ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು, ಕಣದಲ್ಲಿ ಒಬ್ಬರೇ ಉಳಿದರು. ಸಾಮಾನ್ಯ ಸದಸ್ಯರ ಮತಕ್ಕೆ ವಿಷಯ ಹೋಗಲೇ ಇಲ್ಲ. ಆ ದಿನದ ಆಟ ನಡೆದದ್ದು ಪೂರ್ತಿ ಚೌಕಿಯಲ್ಲಿ.

ಆ ಸಮಿತಿಗೆ 1922ರ ಸಮಿತಿ ಎಂದು ಹೆಸರು. ಮಂತ್ರಿಗಿರಿ ಇಲ್ಲದ, ಹಿಂದಿನ ಸಾಲಿನಲ್ಲಿ ಕೂರುವ ಕನ್ಸರ್ವೇಟಿವ್ ಸಂಸದರ ಕೂಟ ಅದು. 1922ರ ಚುನಾವಣೆಯಲ್ಲಿ ಹೊಸದಾಗಿ ಗೆದ್ದು ಬಂದವರು ಮರುವರ್ಷ ಕಟ್ಟಿಕೊಂಡದ್ದರಿಂದ ಆ ಹೆಸರು ಉಳಿಯಿತು. ಅದರ ಕಟ್ಟಳೆ ಕೇಳಿದರೆ ನಮ್ಮ ಸಹಕಾರಿ ಸಂಘಗಳವರಿಗೆ ಕೂಡಲೇ ಅರ್ಥವಾಗುತ್ತದೆ. ನಾಯಕನ ಮೇಲೆ ವಿಶ್ವಾಸ ಕಳೆದುಕೊಂಡ ಸಂಸದ, ಸಮಿತಿಯ ಅಧ್ಯಕ್ಷರಿಗೆ ಒಂದು ಪತ್ರ ಬರೆದು ಕೊಡಬಹುದು. ಆ ವರ್ಷಗಳಲ್ಲಿ, ಪಕ್ಷದ ಒಟ್ಟು ಸಂಸದರಲ್ಲಿ ಶೇಕಡಾ 15ರಷ್ಟು ಜನರ ಪತ್ರ ಸೇರಿದರೆ ಅವಿಶ್ವಾಸದ ಮತದಾನ ನಡೆಯಲೇಬೇಕಿತ್ತು. ಅಲ್ಲಿಯ ತನಕ ಎಷ್ಟು ಪತ್ರ ಬಂದಿವೆ, ಯಾರದು ಬಂದಿದೆ ಎಂಬುದು ಅಧ್ಯಕ್ಷರೊಬ್ಬರಿಗೆ ಬಿಟ್ಟು ಯಾರಿಗೂ ತಿಳಿಯದು, ಪ್ರಧಾನಿಗೂ ತಿಳಿಯದು. 2018ರ ಡಿಸೆಂಬರಿನಲ್ಲಿ 48 ಪತ್ರಗಳ ಗಡಿ ಮುಟ್ಟಿದಾಗ ಥೆರೇಸಾ ಮೇ, 2022ರ ಜೂನ್ 6ರಂದು 54ರ ಗಡಿ ಮುಟ್ಟಿದಾಗ ಬೋರಿಸ್ ಜಾನ್ಸನ್ ಈ ಪರೀಕ್ಷೆ ಎದುರಿಸಿದರು. ಮತದಾನ ಗುಪ್ತವಾದದ್ದು. ಮೇ 200–117ರಿಂದ ಗೆದ್ದರು, ಜಾನ್ಸನ್ 211–148ರಿಂದ ಗೆದ್ದರು. ಗೆದ್ದರೂ ಮೇ ಅರ್ಧ ವರ್ಷದೊಳಗೆ ರಾಜೀನಾಮೆ ಘೋಷಿಸಿದರು. ಜಾನ್ಸನ್ ಸುಮಾರು ಒಂದು ತಿಂಗಳಲ್ಲಿ ಘೋಷಿಸಿದರು. ತನ್ನದೇ ಮನೆಯ ನೂರಕ್ಕೂ ಹೆಚ್ಚು ಮಂದಿ ತನ್ನನ್ನು ಬೇಡವೆಂದರು ಎಂಬ ಸಂಖ್ಯೆ ಒಮ್ಮೆ ಹೊರಬಿದ್ದ ಮೇಲೆ ಅಧಿಕಾರದ ನೆಲ ಕುಸಿಯತೊಡಗುತ್ತದೆ. ಎದುರಾಳಿ ಲೇಬರ್ ಪಕ್ಷದ ಕಟ್ಟಳೆ ಬೇರೆ. ಅಲ್ಲಿ ನಾಯಕನ ಎದುರು ನಿಲ್ಲುವವನಿಗೆ ಸಂಸದರಲ್ಲಿ ಶೇಕಡಾ 20ರಷ್ಟು ಜನರ ಬಹಿರಂಗ ಬೆಂಬಲ ಬೇಕು.

ಹಾಗಾಗಿ ಆರು ಪ್ರಧಾನಿಗಳ ಕಥೆಯನ್ನು ನಾನು ಓದುವ ರೀತಿಯೇ ಬೇರೆ. ಪ್ರಧಾನಿ ಬದಲಾದರೂ ಸಂಸದರನ್ನು ಯಾರೂ ಬಸ್ಸಿನಲ್ಲಿ ತುಂಬಿಕೊಂಡು ಹೋಗಲಿಲ್ಲ, ರೆಸಾರ್ಟಿನಲ್ಲಿ ಕೂಡಿಹಾಕಲಿಲ್ಲ, ಒಬ್ಬನ ಸದಸ್ಯತ್ವವೂ ರದ್ದಾಗಲಿಲ್ಲ. ಇದಕ್ಕೆ ಅಲ್ಲಿಯವರ ಒಳ್ಳೆಯತನ ಕಾರಣವೆಂದು ನಾನು ಹೇಳುತ್ತಿಲ್ಲ. ಕಾರಣ ಇರುವುದು ವಿಪ್ ಎಂಬ ವ್ಯವಸ್ಥೆಯ ಸ್ವರೂಪದಲ್ಲಿ.

ನಾವು ಸಚೇತಕ ಎಂದು ಗೌರವದಿಂದ ಕರೆಯುವ ಆ ಹುದ್ದೆಗೆ ಇಂಗ್ಲಿಷಿನಲ್ಲಿ ಬಂದ ಹೆಸರು ನರಿಬೇಟೆಯ ಮೈದಾನದ್ದು. ಬೇಟೆನಾಯಿಗಳು ಚದುರದಂತೆ ಚಾಟಿ ಹಿಡಿದು ಗುಂಪು ಕೂಡಿಸುವವನ ಹೆಸರನ್ನೇ ಸಂಸದರನ್ನು ಕೂಡಿಸುವವನಿಗೂ ಕೊಟ್ಟರು. ಪ್ರತಿ ವಾರ ಸಂಸದರಿಗೆ ಒಂದು ಪತ್ರ ಹೋಗುತ್ತದೆ. ಮುಂದಿನ ವಾರದ ಕಲಾಪಗಳ ಪಟ್ಟಿ ಅದರಲ್ಲಿರುತ್ತದೆ. ಒಂದು ಕಲಾಪದ ಕೆಳಗೆ ಒಂದು ಗೆರೆ ಎಳೆದಿದ್ದರೆ ಬಂದರೆ ಒಳ್ಳೆಯದು ಎಂದರ್ಥ, ಎರಡು ಗೆರೆಯಿದ್ದರೆ ಬರಬೇಕು, ಮೂರು ಗೆರೆಯಿದ್ದರೆ ಬರಲೇಬೇಕು ಮತ್ತು ಪಕ್ಷ ಹೇಳಿದಂತೆ ಮತ ಹಾಕಲೇಬೇಕು. ಸರ್ಕಾರದ ಸಚೇತಕರು ಸದನದಲ್ಲಿ ಸಾಮಾನ್ಯವಾಗಿ ಮಾತನಾಡುವುದಿಲ್ಲ. ಯಾರಿಗೆ ಮನೆಯಲ್ಲಿ ತೊಂದರೆಯಿದೆ, ಯಾರಿಗೆ ಮಂತ್ರಿಯಾಗುವ ಆಸೆಯಿದೆ, ಯಾರ ಕ್ಷೇತ್ರದಲ್ಲಿ ಮಸೂದೆಯ ಮೇಲೆ ಸಿಟ್ಟಿದೆ ಎಂದು ತಿಳಿದಿಟ್ಟುಕೊಂಡು, ಹೊಗಳಿ, ಗದರಿಸಿ, ಬೇಡಿಕೊಂಡು ಮತ ಕೂಡಿಸುವುದು ಅವರ ಕೆಲಸ. ಮತದಾನಕ್ಕೆ ಗಂಟೆ ಬಾರಿಸಿದರೆ ಎಂಟು ನಿಮಿಷದೊಳಗೆ ಸಂಸದ ಬಂದು, ಹೌದು ಎನ್ನುವವರ ಪಡಸಾಲೆಯಲ್ಲೋ ಅಲ್ಲ ಎನ್ನುವವರ ಪಡಸಾಲೆಯಲ್ಲೋ ಕಾಲಿಟ್ಟು ಹಾದುಹೋಗಬೇಕು. ಎಂಟು ನಿಮಿಷ ಮುಗಿದರೆ ಬಾಗಿಲು ಹಾಕುತ್ತಾರೆ. ಯಾರು ಯಾವ ಪಡಸಾಲೆಯಲ್ಲಿ ನಡೆದರು ಎಂಬ ಹೆಸರುಪಟ್ಟಿ ಬೇಗನೆ ಪ್ರಕಟವಾಗುತ್ತದೆ, ಸದನದ ನಡಾವಳಿಯಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಮೂರು ಗೆರೆಯ ಆಜ್ಞೆಯನ್ನು ಮೀರಿದವನಿಗೆ ಶಿಕ್ಷೆ ಇಲ್ಲವೆಂದಲ್ಲ. 2019ರ ಸೆಪ್ಟೆಂಬರ್ 3ರಂದು ಬ್ರೆಕ್ಸಿಟ್, ಅಂದರೆ ಯುರೋಪಿನ ಒಕ್ಕೂಟ ಬಿಡುವ, ವಿಷಯದಲ್ಲಿ ಸರ್ಕಾರದ ವಿರುದ್ಧ ಮತ ಹಾಕಿದ 21 ಕನ್ಸರ್ವೇಟಿವ್ ಸಂಸದರನ್ನು ಪಕ್ಷ ಹೊರಗಿಟ್ಟಿತು. ಅವರಲ್ಲಿ ಮಾಜಿ ಹಣಕಾಸು ಮಂತ್ರಿಗಳಿದ್ದರು, ಚರ್ಚಿಲ್ ಅವರ ಮೊಮ್ಮಗನೂ ಇದ್ದರು. ಅದೇ ವರ್ಷದ ಚುನಾವಣೆಯಲ್ಲಿ ಪಕ್ಷದ ಟಿಕೆಟ್ ಇಲ್ಲದೆ ಅವರಲ್ಲಿ ಹಲವರ ರಾಜಕೀಯ ಜೀವನವೇ ಮುಗಿಯಿತು. ಆದರೆ ಆ 21 ಜನರೂ ಚುನಾವಣೆಯ ತನಕ ಸಂಸದರಾಗಿಯೇ ಉಳಿದರು. ಪಕ್ಷ ಅವರಿಗೆ ಕೊಟ್ಟದ್ದನ್ನು ಪಕ್ಷ ಕಿತ್ತುಕೊಂಡಿತು. ಮತದಾರರು ಕೊಟ್ಟದ್ದನ್ನು ಮುಟ್ಟುವ ಅಧಿಕಾರ ಪಕ್ಷಕ್ಕಿರಲಿಲ್ಲ. ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಈ ಒಂದು ಭೇದ.

ಇದರ ಬೆಲೆ ಏನೆಂಬುದಕ್ಕೆ ಹತ್ತಿರದ ಉದಾಹರಣೆ ಲೇಬರ್ ಸರ್ಕಾರದ್ದು. 2024ರ ಜುಲೈ 4ರ ಚುನಾವಣೆಯಲ್ಲಿ 650ರಲ್ಲಿ 411 ಸ್ಥಾನ ಗೆದ್ದು ಸ್ಟಾರ್ಮರ್ ಅಧಿಕಾರಕ್ಕೆ ಬಂದರು. ಮೂರು ವಾರ ತುಂಬುವುದರೊಳಗೆ, ಜುಲೈ 23ರಂದು, ಬಡ ಕುಟುಂಬಗಳಿಗೆ ಮೊದಲ ಎರಡು ಮಕ್ಕಳಿಗೆ ಮಾತ್ರ ನೆರವು ಎಂದು 2017ರಿಂದ ಜಾರಿಯಲ್ಲಿದ್ದ ಮಿತಿಯನ್ನು ತೆಗೆಯಬೇಕೆಂಬ ತಿದ್ದುಪಡಿಗೆ ಲೇಬರ್ ಪಕ್ಷದ ಏಳು ಸಂಸದರು ಪರವಾಗಿ ಮತ ಹಾಕಿದರು. ಏಳು ಜನರನ್ನೂ ಪಕ್ಷದ ಸಂಸದೀಯ ಗುಂಪಿನಿಂದ ಅಮಾನತು ಮಾಡಲಾಯಿತು. ಅವರು ಸ್ವತಂತ್ರ ಸಂಸದರಾಗಿ ಅದೇ ಸದನದಲ್ಲಿ ಕೂತು, ಅದೇ ಮಾತನ್ನು ಆಡುತ್ತ ಹೋದರು. 2025ರ ನವೆಂಬರ್ 26ರ ಬಜೆಟ್ಟಿನಲ್ಲಿ ಹಣಕಾಸು ಮಂತ್ರಿ ರೇಚಲ್ ರೀವ್ಸ್ ಎದ್ದು ನಿಂತು, 2026ರ ಏಪ್ರಿಲ್‌ನಿಂದ ಆ ಮಿತಿಯನ್ನು ರದ್ದು ಮಾಡುವುದಾಗಿ ಘೋಷಿಸಿದರು. ಹದಿನಾರು ತಿಂಗಳ ಹಿಂದೆ ಯಾವ ಮಾತಿಗೆ ಏಳು ಜನರಿಗೆ ಶಿಕ್ಷೆಯಾಗಿತ್ತೋ ಆ ಮಾತೇ ಸರ್ಕಾರದ ನೀತಿಯಾಯಿತು. ಆ ಏಳು ಜನ ಅಂದೇ ಸದಸ್ಯತ್ವ ಕಳೆದುಕೊಂಡಿದ್ದರೆ ಆ ಮಾತನ್ನು ಸದನದಲ್ಲಿ ಹಿಡಿದು ನಿಲ್ಲಲು ಅವರಿರುತ್ತಿರಲಿಲ್ಲ.

ನಡುವೆ ಇನ್ನೊಂದು ಪ್ರಸಂಗ ನಡೆಯಿತು. ಅದು ನನ್ನ ಮನೆಯ ತನಕ ಬಂದದ್ದರಿಂದ ಹೇಳುತ್ತೇನೆ. ನನ್ನ ತಮ್ಮನ ಮಗಳು ಇಂಗ್ಲೆಂಡಿನ ಉತ್ತರ ಭಾಗದ ಊರೊಂದರಲ್ಲಿ ನರ್ಸ್ ಆಗಿದ್ದಾಳೆ. 2024ರ ಜುಲೈ 4ರ ಸಂಜೆ ಫೋನ್ ಮಾಡಿ, "ದೊಡ್ಡಪ್ಪ, ಇವತ್ತು ಇಲ್ಲಿ ವೋಟು ಹಾಕಿ ಬಂದೆ" ಎಂದಳು. ನಾನು ನಂಬಲಿಲ್ಲ. ಆಮೇಲೆ ವಿಚಾರಿಸಿದರೆ, ಅಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ, ಅಂದರೆ ನಮ್ಮ ಭಾರತೀಯರಿಗೂ, ಸಂಸತ್ತಿನ ಚುನಾವಣೆಯಲ್ಲಿ ಮತದಾನದ ಹಕ್ಕಿದೆ. ಮತಗಟ್ಟೆಯಲ್ಲಿ ಗುರುತಿಗೆ ತನ್ನ ಭಾರತದ ಪಾಸ್‌ಪೋರ್ಟನ್ನೇ ತೋರಿಸಿದಳಂತೆ, ದಾರದಲ್ಲಿ ಕಟ್ಟಿಟ್ಟಿದ್ದ ಪೆನ್ಸಿಲಿನಿಂದ ಕಾಗದದ ಮೇಲೆ ಗುಣಿಸು ಚಿಹ್ನೆ ಹಾಕಿದಳಂತೆ. ಬೆರಳಿಗೆ ಶಾಯಿ ಹಚ್ಚಲಿಲ್ಲವೆಂದು ಅವಳಿಗೆ ಸ್ವಲ್ಪ ಬೇಜಾರು.

ಮರುವರ್ಷ ಸರ್ಕಾರ ಅಂಗವಿಕಲರ ಮತ್ತು ದೀರ್ಘ ಕಾಯಿಲೆಯವರ ಭತ್ಯೆಯ ಷರತ್ತುಗಳನ್ನು ಬಿಗಿ ಮಾಡಿ ವರ್ಷಕ್ಕೆ ಸುಮಾರು 500 ಕೋಟಿ ಪೌಂಡ್ ಉಳಿಸುವ ಮಸೂದೆ ತಂದಿತು. ಅವಳ ವಾರ್ಡಿನಿಂದ ಮನೆಗೆ ಹೋಗುವ ರೋಗಿಗಳಲ್ಲಿ ಆ ಭತ್ಯೆಯ ಮೇಲೆಯೇ ಬದುಕುವವರು ಹಲವರು. ಅವಳು ತನ್ನ ಕ್ಷೇತ್ರದ ಸಂಸದರಿಗೆ ಒಂದು ಇ–ಮೇಲ್ ಬರೆದಳು. ಅಂಥ ಪತ್ರ ಸಾವಿರಾರು ಹೋಗಿದ್ದಿರಬೇಕು. 120ಕ್ಕೂ ಹೆಚ್ಚು ಲೇಬರ್ ಸಂಸದರು, ತಮ್ಮದೇ ಸರ್ಕಾರದ ಮಸೂದೆಯನ್ನು ತಡೆಯುವ ತಿದ್ದುಪಡಿಗೆ ಸಹಿ ಹಾಕಿದರು. ಅದನ್ನು ಮಂಡಿಸಿದ್ದು ಖಜಾನೆ ಸಮಿತಿಯ ಅಧ್ಯಕ್ಷೆ ಮೆಗ್ ಹಿಲಿಯರ್. ಯಾವ ಬಣದ ಬಂಡಾಯಗಾರ್ತಿಯೂ ಅಲ್ಲದ, ಲೆಕ್ಕ ನೋಡುವ ಹಿರಿಯ ಸದಸ್ಯೆ. ಸಚೇತಕರು ಒಂದು ವಾರ ನಿದ್ದೆಗೆಟ್ಟರು. ಮೊದಲು, ಈಗ ಭತ್ಯೆ ಪಡೆಯುತ್ತಿರುವವರಿಗೆ ತೊಂದರೆ ಮಾಡುವುದಿಲ್ಲ ಎಂದು ಸರ್ಕಾರ ಬಗ್ಗಿತು. ಸಾಲಲಿಲ್ಲ. ಜುಲೈ 1ರಂದು ಚರ್ಚೆ ನಡೆಯುತ್ತಿರುವಾಗಲೇ, ಮತದಾನಕ್ಕೆ ಸುಮಾರು ಒಂದೂವರೆ ತಾಸು ಉಳಿದಿರುವಾಗ, ಮಂತ್ರಿ ಸ್ಟೀಫನ್ ಟಿಮ್ಸ್ ಎದ್ದು ನಿಂತು ಮಸೂದೆಯ ಮುಖ್ಯ ಕಲಮನ್ನೇ ಕೈಬಿಡುವುದಾಗಿ ಹೇಳಿದರು. ಅಷ್ಟಾದ ಮೇಲೆ ಮಸೂದೆ 335–260ರಿಂದ ಗೆದ್ದಿತು. ಆಗಲೂ 49 ಲೇಬರ್ ಸಂಸದರು ವಿರುದ್ಧ ಮತ ಹಾಕಿದರು. ಮರುದಿನ ಬೆಳಿಗ್ಗೆ ನಾನು ಎದ್ದು ಫೋನ್ ನೋಡುವಾಗ ಆ ಹೆಸರುಪಟ್ಟಿಯ ಚಿತ್ರ ಬಂದಿತ್ತು. ಒಂದು ಹೆಸರಿನ ಸುತ್ತ ಅವಳು ಕೆಂಪು ಸುತ್ತು ಹಾಕಿದ್ದಳು. ಅವಳ ಪತ್ರಕ್ಕೆ ಅವಳ ಸಂಸದರು ಕೊಟ್ಟ ಉತ್ತರ ಆ ಪಟ್ಟಿಯಲ್ಲಿತ್ತು.

ನಮ್ಮಲ್ಲಿ ಇದು ಸಾಧ್ಯವೇ ಎಂದು ಕೇಳಿಕೊಂಡರೆ ಉತ್ತರ ಕಹಿಯಾಗಿದೆ. ಹರಿಯಾಣದ ಆಯಾರಾಮ್ ಗಯಾರಾಮ್ ಪ್ರಸಂಗದಿಂದ ಹೇಸಿಹೋಗಿದ್ದ ದೇಶಕ್ಕೆ 1985ರಲ್ಲಿ ಸಂವಿಧಾನದ ಹತ್ತನೆಯ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾಯ್ದೆ, ಒಂದು ಔಷಧಿಯಾಗಿ ಬಂತು. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಅದು ಸರ್ಕಾರ ಉರುಳಿಸುವ ಮತಕ್ಕೂ, ಒಂದು ಸಾಮಾನ್ಯ ಮಸೂದೆಯ ಮೇಲಿನ ಭಿನ್ನಮತಕ್ಕೂ ಭೇದ ಮಾಡಲಿಲ್ಲ. ವಿಪ್ ಮೀರಿ ಮತ ಹಾಕಿದರೆ ಅಥವಾ ಗೈರುಹಾಜರಾದರೆ ಸದಸ್ಯತ್ವವೇ ಹೋಗುತ್ತದೆ. ಹೀಗಾಗಿ ತನ್ನ ಕ್ಷೇತ್ರದ ಅಡಿಕೆ ಬೆಳೆಗಾರರಿಗೋ ಮೀನುಗಾರರಿಗೋ ವಿರುದ್ಧವಾದ ಮಸೂದೆಯೊಂದು ಬಂದರೂ ಆಳುವ ಪಕ್ಷದ ಸದಸ್ಯ ಕೈಯೆತ್ತಲೇಬೇಕು. ಇಷ್ಟೆಲ್ಲ ಬಿಗಿ ಮಾಡಿ ಪಕ್ಷಾಂತರ ನಿಂತಿತೇ ಎಂದರೆ, 2019ರಲ್ಲಿ ಕರ್ನಾಟಕದಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತು. ಶಾಸಕರು ಮುಂಬೈ ಸೇರಿದರು, ಜುಲೈ 23ರಂದು ವಿಶ್ವಾಸಮತ 99–105ರಿಂದ ಬಿದ್ದಿತು, 17 ಶಾಸಕರು ಅನರ್ಹರಾದರು, ಡಿಸೆಂಬರ್ 5ರಂದು ನಮ್ಮ ಜಿಲ್ಲೆಯ ಯಲ್ಲಾಪುರವೂ ಸೇರಿ 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಸರ್ಕಾರವನ್ನು ಉರುಳಿಸಹೊರಟವರನ್ನು ಕಾಯ್ದೆ ತಡೆಯಲಿಲ್ಲ. ಒಂದು ಮಸೂದೆಗೆ ಪ್ರಾಮಾಣಿಕವಾಗಿ ಇಲ್ಲ ಎನ್ನಬಯಸಿದವನನ್ನು ಮಾತ್ರ ಬಾಯಿ ಮುಚ್ಚಿಸಿತು. ವಿಶ್ವಾಸ ಮತ್ತು ಅವಿಶ್ವಾಸ ನಿರ್ಣಯಗಳ ಮತದಾನಕ್ಕೆ ಮಾತ್ರ ಈ ಅನರ್ಹತೆಯನ್ನು ಸೀಮಿತಗೊಳಿಸಬೇಕೆಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಶಿಫಾರಸು ಮಾಡಿತ್ತು. ಮೂವತ್ತೈದು ವರ್ಷ ಕಳೆದರೂ ಯಾವ ಪಕ್ಷದ ಸರ್ಕಾರವೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಯಾವ ನಾಯಕನಿಗೂ ಅದರಿಂದ ಲಾಭವಿಲ್ಲ.

ಇನ್ನು ನಡಾವಳಿಯ ವಿಷಯ. ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಬಹಳ ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಸಂಘದ ಆಡಳಿತ ಮಂಡಳಿಯಲ್ಲಿ ದೊಡ್ಡ ಸಾಲವೊಂದರ ಠರಾವು ಬಂದಿತ್ತು. ಇಬ್ಬರು ನಿರ್ದೇಶಕರು, ಆಧಾರ ಸಾಲದು ಎಂದು ಬಲವಾಗಿ ವಿರೋಧಿಸಿದರು. ಸಭೆ ಮುಗಿದ ಮೇಲೆ ನಾನು ನಡಾವಳಿ ಪುಸ್ತಕ ತೆರೆದು ಕೂತಾಗ, "ಸರ್ವಾನುಮತದಿಂದ ಅಂತ ಬರೆದುಬಿಡಿ, ಸುಮ್ಮನೆ ಯಾಕೆ ತಕರಾರು" ಎಂಬ ಸೂಚನೆ ಬಂತು. ನಾನು ಬರೆದೆ. ನಾಲ್ಕು ವರ್ಷದ ಮೇಲೆ ಆ ಸಾಲ ಮುಳುಗಿತು. ವಿಚಾರಣೆಗೆ ಬಂದ ಅಧಿಕಾರಿ ಪುಸ್ತಕ ನೋಡಿ, ಆ ಇಬ್ಬರನ್ನೂ ಹೊಣೆಗಾರರ ಪಟ್ಟಿಯಲ್ಲಿ ಸೇರಿಸಿದರು. ಅವರಲ್ಲೊಬ್ಬರು ಒಂದು ಸಂಜೆ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತರು. ಆಸರಿಗೆ ತಂದಿಟ್ಟ ಮಜ್ಜಿಗೆಯನ್ನು ಮುಟ್ಟಲಿಲ್ಲ. ಸಿಟ್ಟಿನ ಮಾತನ್ನೂ ಆಡಲಿಲ್ಲ. ನಾನು ಅಂದು ಬೇಡ ಅಂದದ್ದು ನಿಮಗಾದರೂ ನೆನಪಿದೆಯಲ್ಲ ಎಂದು ಕೇಳಿ ಎದ್ದು ಹೋದರು. ನನ್ನ ನೆನಪಿಗೆ ಕಾನೂನಿನಲ್ಲಿ ಬೆಲೆ ಇರಲಿಲ್ಲ; ನಾನು ಬರೆದ ಒಂದು ಶಬ್ದಕ್ಕೆ ಇತ್ತು. ಅಂದಿನಿಂದ, ತೆರೆಮರೆಯಲ್ಲಿ ನಡೆದದ್ದನ್ನು ಯಾರು ಬರೆದಿಟ್ಟರು, ನಿಜ ಬರೆದಿಟ್ಟರೇ ಎಂಬ ಪ್ರಶ್ನೆ ನನಗೆ ಎಲ್ಲಕ್ಕಿಂತ ದೊಡ್ಡದು.

ಬೋರಿಸ್ ಜಾನ್ಸನ್ ಪದಚ್ಯುತಿಯನ್ನು ನಾನು ಈ ಕಣ್ಣಿನಿಂದಲೇ ನೋಡಿದ್ದೇನೆ. 2022ರ ಜೂನ್ 30ರಂದು ಉಪ ಮುಖ್ಯ ಸಚೇತಕರಾಗಿದ್ದ ಕ್ರಿಸ್ ಪಿಂಚರ್ ದುರ್ವರ್ತನೆಯ ಆರೋಪದ ಮೇಲೆ ರಾಜೀನಾಮೆ ಕೊಟ್ಟರು. ಅವರ ಮೇಲೆ ಹಿಂದೆ ಇದ್ದ ದೂರುಗಳು ಪ್ರಧಾನಿಗೆ ತಿಳಿದಿರಲಿಲ್ಲ ಎಂಬಂಥ ಸಮಜಾಯಿಷಿ ಪ್ರಧಾನಿ ಕಚೇರಿಯಿಂದ ಬಂತು. ಜುಲೈ 5ರ ಬೆಳಿಗ್ಗೆ, ವಿದೇಶಾಂಗ ಇಲಾಖೆಯ ಮುಖ್ಯಸ್ಥರಾಗಿ ನಿವೃತ್ತರಾಗಿದ್ದ ಲಾರ್ಡ್ ಮೆಕ್‌ಡೊನಾಲ್ಡ್ ತಮ್ಮ ಸಹಿಯ ಬಹಿರಂಗ ಪತ್ರವೊಂದನ್ನು ಬರೆದು, ಅದು ನಿಜವಲ್ಲ, ಪ್ರಧಾನಿಗೆ ಆಗಲೇ ತಿಳಿಸಲಾಗಿತ್ತು ಎಂದು ಸ್ಪಷ್ಟಪಡಿಸಿದರು. ಅದೇ ಸಂಜೆ ಸಾಜಿದ್ ಜಾವಿದ್ ಮತ್ತು ರಿಷಿ ಸುನಕ್ ಕೆಲವೇ ನಿಮಿಷಗಳ ಅಂತರದಲ್ಲಿ ಮಂತ್ರಿ ಪದವಿ ಬಿಟ್ಟರು. ಅವರ ಹಿಂದೆ ಐವತ್ತಕ್ಕೂ ಹೆಚ್ಚು ಮಂತ್ರಿಗಳು ಮತ್ತು ಸರ್ಕಾರಿ ಹುದ್ದೆಯಲ್ಲಿದ್ದ ಸಂಸದರು ಸಾಲಾಗಿ ಹೊರಬಂದರು. ಜುಲೈ 7ರಂದು ಜಾನ್ಸನ್ ರಾಜೀನಾಮೆ ಘೋಷಿಸಿದರು. ಮೂರು ವರ್ಷದ ಹಿಂದೆ ಬಾಗಿಲ ಹಿಂದೆ ಆಡಿದ ಒಂದು ಮಾತು ಯಾರದೋ ನೆನಪಿನಲ್ಲಿ, ಯಾರದೋ ಕಡತದಲ್ಲಿ ಸರಿಯಾಗಿ ಉಳಿದಿದ್ದರಿಂದ ಇದಾಯಿತು.

ಲಿಜ್ ಟ್ರಸ್ ಪ್ರಸಂಗ ಇದಕ್ಕೆ ವಿರುದ್ಧ ದಿಕ್ಕಿನದು. ಅಧಿಕಾರ ವಹಿಸಿದ ಎರಡೇ ದಿನಕ್ಕೆ ಖಜಾನೆ ಇಲಾಖೆಯ ಅತ್ಯುನ್ನತ ಅಧಿಕಾರಿ ಟಾಮ್ ಸ್ಕಾಲರ್ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಸರ್ಕಾರದ ಲೆಕ್ಕವನ್ನು ಸ್ವತಂತ್ರವಾಗಿ ತೂಗಿ ನೋಡಲೆಂದೇ 2010ರಲ್ಲಿ ಸ್ಥಾಪಿಸಿದ ಬಜೆಟ್ ಹೊಣೆಗಾರಿಕೆ ಕಚೇರಿಯ ಅಂದಾಜುಪಟ್ಟಿಯನ್ನು ಪಕ್ಕಕ್ಕಿಟ್ಟು, ಸೆಪ್ಟೆಂಬರ್ 23ರಂದು ಸುಮಾರು 4,500 ಕೋಟಿ ಪೌಂಡ್ ತೆರಿಗೆ ಕಡಿತವನ್ನು ಘೋಷಿಸಲಾಯಿತು. ಆ ಹಣ ಎಲ್ಲಿಂದ ಬರುತ್ತದೆ ಎಂಬ ಲೆಕ್ಕ ಇರಲಿಲ್ಲ. ಪೌಂಡ್ ಬಿದ್ದಿತು, ಸರ್ಕಾರಿ ಸಾಲಪತ್ರಗಳ ಬಡ್ಡಿ ಏರಿತು, ಪಿಂಚಣಿ ನಿಧಿಗಳು ತತ್ತರಿಸಿದವು, ಸೆಪ್ಟೆಂಬರ್ 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ 6,500 ಕೋಟಿ ಪೌಂಡ್ ವರೆಗಿನ ಸಾಲಪತ್ರ ಕೊಳ್ಳಲು ಮುಂದೆ ಬರಬೇಕಾಯಿತು. ಅಕ್ಟೋಬರ್ 20ರಂದು ಟ್ರಸ್ ರಾಜೀನಾಮೆ ಘೋಷಿಸಿದರು. ಲೆಕ್ಕ ಬರೆಯುವವನನ್ನು ಹೊರಗೆ ಕಳಿಸಿ ಸಭೆ ನಡೆಸಿದರೆ ಏನಾಗುತ್ತದೆಂದು ಸಹಕಾರಿ ಕ್ಷೇತ್ರದಲ್ಲಿ ಕೆಲಸ ಮಾಡಿದ ಯಾರಿಗೂ ವಿವರಿಸಬೇಕಿಲ್ಲ.

ಬ್ರಿಟನ್ನಿನ ಮಂತ್ರಿಮಂಡಲದ ಕಡತಗಳು ಸಾಮಾನ್ಯವಾಗಿ 20 ವರ್ಷಗಳ ನಂತರ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಸಾರ್ವಜನಿಕರಿಗೆ ತೆರೆದುಕೊಳ್ಳುತ್ತವೆ. ಮೊದಲು ಈ ಅವಧಿ 30 ವರ್ಷವಿತ್ತು, ಅದಕ್ಕೂ ಮೊದಲು 50 ವರ್ಷ. ಇಂದು ಗುಟ್ಟಾಗಿ ಆಡಿದ ಮಾತನ್ನು ತಾನು ಬದುಕಿರುವಾಗಲೇ ಜನ ಓದುತ್ತಾರೆ ಎಂದು ಗೊತ್ತಿರುವ ಮಂತ್ರಿಯ ನಡೆಯೇ ಬೇರೆ. ಆದರೆ ನನಗೀಗ ಕಳವಳ ಹುಟ್ಟಿಸಿರುವುದು ಇದೇ ವಿಷಯದಲ್ಲಿ. ಕೊರೊನಾ ಕಾಲದ ನಿರ್ಧಾರಗಳಲ್ಲಿ ಎಷ್ಟೋ ಮಾತುಕತೆ ಕಡತದಲ್ಲಿ ನಡೆಯದೆ ವಾಟ್ಸಾಪಿನಲ್ಲಿ ನಡೆದಿತ್ತು. ಬ್ಯಾರನೆಸ್ ಹ್ಯಾಲೆಟ್ ಅವರ ವಿಚಾರಣಾ ಆಯೋಗ ಆ ಸಂದೇಶಗಳನ್ನು ಕೇಳಿದಾಗ, ತಾನೇ ನೇಮಿಸಿದ ಆಯೋಗದ ವಿರುದ್ಧ ಸರ್ಕಾರ ನ್ಯಾಯಾಲಯಕ್ಕೆ ಹೋಗಿ 2023ರ ಜುಲೈನಲ್ಲಿ ಸೋತಿತು. ಆಯೋಗದ ಮುಂದೆ ಸಾಕ್ಷಿ ಹೇಳುವಾಗ ರಿಷಿ ಸುನಕ್, ಹಲವು ಬಾರಿ ಫೋನ್ ಬದಲಿಸಿದ್ದರಿಂದ ಆ ಕಾಲದ ಸಂದೇಶಗಳು ಈಗ ತಮ್ಮ ಬಳಿ ಇಲ್ಲವೆಂದರು. ಸ್ಕಾಟ್ಲೆಂಡಿನ ಮಾಜಿ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ತಮ್ಮ ಸಂದೇಶಗಳನ್ನು ಅಳಿಸಿದ್ದನ್ನು ಒಪ್ಪಿಕೊಂಡರು. ಪುಸ್ತಕದ ಪುಟ ಹರಿದರೆ ಹೊಲಿಗೆಯಲ್ಲಿ ಗುರುತು ಉಳಿಯುತ್ತದೆ; ಫೋನಿನಲ್ಲಿ ಅದೂ ಉಳಿಯುವುದಿಲ್ಲ. ಇಪ್ಪತ್ತು ವರ್ಷದ ನಂತರ ಕ್ಯೂನಲ್ಲಿ ಕಡತ ತೆರೆಯುವವರಿಗೆ ಯಾವ ಹಾಳೆ ಸಿಗುತ್ತದೆಯೋ ಹೇಳಬರುವುದಿಲ್ಲ. ನಮ್ಮ ತಾಲೂಕು ಮಟ್ಟದ ನಿರ್ಧಾರಗಳೂ ಈಗ ವಾಟ್ಸಾಪ್ ಗುಂಪುಗಳಲ್ಲೇ ಆಗುತ್ತಿರುವುದರಿಂದ ಇದನ್ನು ದೂರದ ಮಾತೆಂದು ಬಿಡಲಾಗದು.

ಬ್ರಿಟನ್ನಿನ ಚೌಕಿ ಶುದ್ಧವಾದದ್ದು ಎಂದು ಯಾರೂ ಈ ಪತ್ರದಿಂದ ತಿಳಿಯಬಾರದು. ದುಡ್ಡಿನವರ ಪ್ರಭಾವ ಅಲ್ಲಿಯೂ ಇದೆ. ಬಟ್ಟೆ, ಕನ್ನಡಕ, ಕಾರ್ಯಕ್ರಮಗಳ ಟಿಕೆಟ್ಟುಗಳನ್ನು ಉಡುಗೊರೆಯಾಗಿ ಪಡೆದದ್ದಕ್ಕಾಗಿ 2024ರಲ್ಲಿ ಸ್ಟಾರ್ಮರ್ ತಲೆತಗ್ಗಿಸಬೇಕಾಯಿತು, 6,000 ಪೌಂಡ್‌ಗೂ ಹೆಚ್ಚು ಬೆಲೆಯ ಉಡುಗೊರೆಗಳ ಹಣವನ್ನು ಅವರು ಹಿಂದಿರುಗಿಸಿದರು. ಆದರೆ ಪತ್ರಕರ್ತರಿಗೆ ಆ ಸುದ್ದಿಯ ಹಲವು ವಿವರ ಸಿಕ್ಕಿದ್ದು ಸಂಸದರು ತಾವೇ ಬರೆದು ಸಲ್ಲಿಸಬೇಕಾದ ಹಿತಾಸಕ್ತಿಗಳ ದಾಖಲೆಯಿಂದ ಎಂಬುದನ್ನೂ ಗಮನಿಸಬೇಕು.

ಲಂಡನ್ನಿನ ಈ ಒಳಮನೆಯ ಸಂಗತಿ ಕಾರವಾರ, ಶಿರಸಿಯವರಿಗೆ ಯಾಕೆ ಎಂದು ಕೇಳುವವರಿಗೆ ಒಂದೇ ಮಾತು ಹೇಳುತ್ತೇನೆ. ಭಾರತ ಮತ್ತು ಬ್ರಿಟನ್ ನಡುವಿನ ವ್ಯಾಪಾರ ಒಪ್ಪಂದದ ಮಾತುಕತೆ 2022ರ ಜನವರಿಯಲ್ಲಿ ಆರಂಭವಾಯಿತು. ಅದೇ ವರ್ಷದ ದೀಪಾವಳಿಯೊಳಗೆ ಮುಗಿಸುವುದಾಗಿ ಜಾನ್ಸನ್ ಹೇಳಿದ್ದರು. ದೀಪಾವಳಿಯ ಹೊತ್ತಿಗೆ ಅವರೂ ಇರಲಿಲ್ಲ, ಅವರ ನಂತರ ಬಂದವರೂ ಹೊರಡುತ್ತಿದ್ದರು. ನಾಲ್ಕನೆಯ ಪ್ರಧಾನಿಯ ಕಾಲದಲ್ಲಿ, 2025ರ ಜುಲೈ 24ರಂದು, ಅದಕ್ಕೆ ಸಹಿ ಬಿತ್ತು. ನಮ್ಮ ಕರಾವಳಿಯ ಸಿಗಡಿಯ ಮೇಲೆ, ಘಟ್ಟದ ಮೇಲಿನ ಕಾಳುಮೆಣಸು, ಏಲಕ್ಕಿಯ ಮೇಲೆ ಅಲ್ಲಿ ಎಷ್ಟು ಸುಂಕ ಎಂಬುದು ಆ ಒಪ್ಪಂದಕ್ಕೆ ಸೇರಿದ ವಿಷಯ. ಅಲ್ಲಿನ ವೀಸಾ ನಿಯಮ ಬಿಗಿಯಾದಾಗಲೆಲ್ಲ ಹೊನ್ನಾವರ, ಕುಮಟಾ, ಶಿರಸಿಯ ಎಷ್ಟೋ ಮನೆಗಳಲ್ಲಿ ಬ್ಯಾಂಕಿನ ಶಿಕ್ಷಣ ಸಾಲದ ಲೆಕ್ಕ ಮತ್ತೊಮ್ಮೆ ಹಾಕಬೇಕಾಗುತ್ತದೆ.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿ. ಬ್ರಿಟನ್ನಿನ ಸುದ್ದಿ ಪ್ರಕಟಿಸುವಾಗ ಯಾರು ಪ್ರಧಾನಿಯಾದರು ಎಂಬುದರ ಜೊತೆಗೆ, ಎಷ್ಟು ಸಂಸದರು ಯಾವ ಕಾರಣಕ್ಕೆ ಸ್ವಂತ ಸರ್ಕಾರದ ವಿರುದ್ಧ ಮತ ಹಾಕಿದರು, ಅವರಿಗೆ ಆಮೇಲೆ ಏನಾಯಿತು ಎಂಬುದಕ್ಕೂ ನಾಲ್ಕು ಸಾಲು ಕೊಡಿ. ಎರಡನೆಯದು ನಮ್ಮ ಮನೆಯ ಕೆಲಸ. ಲೋಕಸಭೆಯಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಿಂದ ಪಾಸಾಗುವುದರಿಂದ ಯಾರು ಏನೆಂದರು ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ. ಆದರೆ ಮತ ವಿಭಜನೆ ನಡೆದಾಗ ಸದಸ್ಯರ ಹೆಸರುಗಳು ಸದನದ ನಡಾವಳಿಯಲ್ಲಿ ಅಚ್ಚಾಗುತ್ತವೆ. ಪ್ರತಿ ಅಧಿವೇಶನ ಮುಗಿದ ಮೇಲೆ, ಉತ್ತರ ಕನ್ನಡದ ಸಂಸದರು ಯಾವ ಮಸೂದೆಗೆ ಹೌದು ಎಂದರು, ಯಾವುದಕ್ಕೆ ಇಲ್ಲ ಎಂದರು, ಯಾವ ದಿನ ಗೈರುಹಾಜರಿದ್ದರು ಎಂಬ ಪಟ್ಟಿಯನ್ನು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪ್ರಕಟಿಸಬೇಕು. ವಿಧಾನಸಭೆಯಲ್ಲಿ ಮತ ವಿಭಜನೆ ನಡೆದಾಗ ಜಿಲ್ಲೆಯ ಶಾಸಕರದ್ದನ್ನೂ ಹಾಗೆಯೇ ಪ್ರಕಟಿಸಬೇಕು. ಪತ್ರಿಕೆಯಲ್ಲಿ ಇದಕ್ಕೆ ಆಳಿಲ್ಲವೆಂದಾದರೆ ನಡಾವಳಿಯನ್ನು ಓದಿ ಪಟ್ಟಿ ತಯಾರಿಸಿ ಕಳಿಸಲು ನಾನು ಸಿದ್ಧನಿದ್ದೇನೆ. ಸಂಭಾವನೆ ಬೇಡ. ಮುಂದಿನ ಅಧಿವೇಶನದಿಂದಲೇ ಆರಂಭಿಸಬಹುದು.

ತಮ್ಮ ವಿಶ್ವಾಸಿ,
ನಿವೃತ್ತ ಸಹಕಾರಿ ಸಂಘದ ಕಾರ್ಯದರ್ಶಿ,
ಶಿರಸಿ (ಉತ್ತರ ಕನ್ನಡ)